ಊರೂರು ತಿರುಗುವವರಿಗೆ ಹಗುರ ಲ್ಯಾಪ್‌ಟಾಪ್: ರೊಕ್ಕ ಕೊಡುವ ಮುಂಚೆ ಏನೇನು ನೋಡಬೇಕು?

ಹೋದ ವಾರ ತೊಗರಿ ಕುಡಿ ಚಿವುಟುವ ಬಗ್ಗೆ ಬರೆದಿದ್ದೆ. ಈ ವಾರ ಗೊಬ್ಬರ, ಔಷಧ ಎಲ್ಲ ಬದಿಗಿಟ್ಟು ಲ್ಯಾಪ್‌ಟಾಪ್ ಬಗ್ಗೆ ಬರೆಯುತ್ತಿದ್ದೇನೆ. "ಕೃಷಿ ಸಲಹೆ ಕೊಡೋ ಜಾಗದಾಗ ಇದ್ಯಾಕ್ರಿ?" ಅಂತ ಕೆಲವರು ಕೇಳಬಹುದು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತ ಉತ್ಪಾದಕ ಕಂಪನಿಯವರು, ಸಹಕಾರ ಸಂಘದ ಕಾರ್ಯದರ್ಶಿಗಳು, ಕೃಷಿ ಓದುವ ಮಕ್ಕಳ ತಂದೆ-ತಾಯಿ ಫೋನ್ ಮಾಡಿದಾಗೆಲ್ಲ ಇದನ್ನೇ ಕೇಳುತ್ತಿದ್ದಾರೆ: "ಚೀಲದಾಗ ಹಿಡಿಯೋವಂಥ ಸಣ್ಣ ಲ್ಯಾಪ್‌ಟಾಪ್, ಮೂವತ್ತು ಸಾವಿರದೊಳಗ ಯಾವುದು ಛಲೋ ರೀ ಸರ?"

ಮೂವತ್ತು ಸಾವಿರ ಸಣ್ಣ ರೊಕ್ಕ ಅಲ್ಲ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಲೆಕ್ಕ ಹಿಡಿದರೆ ಮೂರು ಮುಕ್ಕಾಲು ಕ್ವಿಂಟಲ್ ತೊಗರಿ. ಅದೂ ಖರ್ಚು ಕಳೆಯದ ಲೆಕ್ಕ. ಬಿತ್ತಿ, ಎಡೆ ಹೊಡೆದು, ಔಷಧ ಹೊಡೆದು, ರಾಶಿ ಮಾಡಿ ತಂದ ಮಾಲಿನ ರೊಕ್ಕ ಅಂಗಡಿಯವನ ಮಾತಿನ ಮೇಲೆ ಹೋಗಬಾರದು.

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಐದಾರು ಎಕರೆ ಹೊಲ ಇದ್ದು, ಮನೆಯಲ್ಲಿ ಓದುವ ಮಕ್ಕಳಿಲ್ಲದಿದ್ದರೆ ನಿಮಗೆ ಲ್ಯಾಪ್‌ಟಾಪ್ ಬ್ಯಾಡ. ಪಹಣಿ ನೋಡುವುದು, ಬೆಳೆ ಸಮೀಕ್ಷೆ ಫೋಟೊ ಹಾಕುವುದು, ಕೃಷಿ ಮಾರಾಟ ವಾಹಿನಿಯಲ್ಲಿ ಮಾರುಕಟ್ಟೆ ದರ ನೋಡುವುದು, ಫ್ರೂಟ್ಸ್ ಐಡಿ ಪರಿಶೀಲಿಸುವುದು, ಎಲ್ಲಾ ಕೈಯಲ್ಲಿರುವ ಫೋನಿನಲ್ಲೇ ಆಗುತ್ತದೆ. ಲ್ಯಾಪ್‌ಟಾಪ್ ಬೇಕಾಗುವುದು ಸಂಘ ಅಥವಾ ಕಂಪನಿಯ ಲೆಕ್ಕ ಬರೆಯುವವರಿಗೆ, ಬೀಜ-ಗೊಬ್ಬರದ ಅಂಗಡಿ ನಡೆಸುವವರಿಗೆ, ಯಂತ್ರ ಬಾಡಿಗೆ ಕೇಂದ್ರದವರಿಗೆ, ಕಾಲೇಜಿನ ಹುಡುಗರಿಗೆ. ಮುಂದಿನದೆಲ್ಲ ಅವರಿಗಾಗಿ.

ನೀವು ಮಾಡುವ ಕೆಲಸ ಅದರೊಳಗ ನಡೀತದೇನು?

ಅಂಗಡಿಗೆ ಹೋದ ಕೂಡಲೇ ಎಲ್ಲರೂ ಕೇಳುವುದು ಬೆಲೆ, ಆಮೇಲೆ ಬಣ್ಣ. ಕೇಳಬೇಕಾದ್ದು ಬೇರೆ. ನಮ್ಮ ಕಡೆ ಸಂಘದ ಹಳೆಯ ಠರಾವು, ಬೈಲಾ, ಇಲಾಖೆಗೆ ಬರೆದ ಪತ್ರ ಇವೆಲ್ಲ ಬಹುತೇಕ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಆಗಿವೆ. ಆ ಫೈಲನ್ನು ನುಡಿ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಟ್ಯಾಲಿ ಹಾಕಿ ಲೆಕ್ಕ ಬರೆಯುವವರು ಇದ್ದಾರೆ. ಉತ್ಪಾದಕ ಕಂಪನಿ ಆಗಿದ್ದರೆ ವರ್ಷಕ್ಕೊಮ್ಮೆ ರಿಟರ್ನ್ಸ್ ಸಲ್ಲಿಸಲು ನಿರ್ದೇಶಕರ ಡಿಜಿಟಲ್ ಸಹಿಯ ಟೋಕನ್ ಬೇಕು. ಅದು ಪೆನ್‌ಡ್ರೈವ್ ಹಾಗೆ ಹಳೆಯ ಅಗಲ ಯುಎಸ್‌ಬಿ ಕಿಂಡಿಗೆ ಹಚ್ಚುವಂಥದ್ದು. ಈ ಮೂರೂ ತಕರಾರಿಲ್ಲದೆ ನಡೆಯುವುದು ವಿಂಡೋಸ್‌ನಲ್ಲಿ.

ಹಾಗಾಗಿ ಬಹಳ ಅಗ್ಗ, ಬಹಳ ಹಗುರ ಅಂತ ಬರುವ ಕೆಲವು ಯಂತ್ರಗಳು ನಮ್ಮ ಈ ಕೆಲಸಕ್ಕೆ ಕೂಡಿ ಬರುವುದಿಲ್ಲ. 2023ರಲ್ಲಿ ಬಂದ ಜಿಯೋಬುಕ್ ನೋಡ್ರಿ. 990 ಗ್ರಾಂ ತೂಕ, ಒಳಗೇ ಸಿಮ್ ಹಾಕಬಹುದು, ಬಿಡುಗಡೆಯಾದಾಗ ಬೆಲೆ 16,499 ರೂಪಾಯಿ. ಶಾಲೆ ಮಕ್ಕಳು ಪಾಠ ನೋಡಲು ಅಡ್ಡಿಯಿಲ್ಲ. ಆದರೆ ಅದರಲ್ಲಿರುವುದು ಅವರದೇ ಜಿಯೋ ಓಎಸ್. ವಿಂಡೋಸ್‌ನ ನುಡಿ, ಟ್ಯಾಲಿ ಹಾಕಲು ಬರುವುದಿಲ್ಲ. ಕ್ರೋಮ್‌ಬುಕ್‌ಗೂ ಇದೇ ಮಾತು. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕಿಯೋನಿಕ್ಸ್‌ನ 'ಕಿಯೋ' ಅಂತ ಅಗ್ಗದ ಕಂಪ್ಯೂಟರ್ ಬಂತು. ಚಿತ್ತಾಪುರದ ಶಾಸಕರೇ ಐಟಿ ಸಚಿವರಾದ್ದರಿಂದ ನಮ್ಮ ಕಡೆ ಅದರ ಬಗ್ಗೆ ಭಾಳ ಮಂದಿ ಕೇಳುತ್ತಾರೆ. ಅದು ಮೇಜಿನ ಮೇಲಿಡುವ ಸಣ್ಣ ಡಬ್ಬಿ. ಪರದೆ ಬೇರೆ ಬೇಕು. ಊರೂರು ತಿರುಗುವ ಕೆಲಸಕ್ಕೆ ಅಲ್ಲ.

ಹೋದ ಸುಗ್ಗಿಯಲ್ಲಿ ನಾನು ಕಂಡದ್ದು ಒಂದು ಹೇಳುತ್ತೇನೆ, ಊರ ಹೆಸರು ಬ್ಯಾಡ. ಒಂದು ಖರೀದಿ ಕೇಂದ್ರದಲ್ಲಿ ಹೊಸದಾಗಿ ತಂದ ಲ್ಯಾಪ್‌ಟಾಪ್ ಇತ್ತು. 4 ಜಿಬಿ ರ‍್ಯಾಮ್, ಒಳಗಿನ ಜಾಗ ಬರೀ 64 ಜಿಬಿ. ವಿಂಡೋಸ್ ಅಪ್‌ಡೇಟ್ ಬಂದು ಜಾಗ ತುಂಬಿತು. ಒಂದು ರೈತನ ವಿವರ ತೆರೆಯಲು ನಾಲ್ಕೈದು ನಿಮಿಷ. ಹೊರಗೆ ಟ್ರ್ಯಾಕ್ಟರ್ ಸಾಲು. ಸಂಜೆ ಆಗುವಷ್ಟರಲ್ಲಿ ಅರ್ಧ ಮಂದಿ "ನಾಳೆ ಬರ್ತೀವಿ" ಅಂತ ಹೋದರು, ಇನ್ನು ಕೆಲವರು ದಾರಿಯಲ್ಲೇ ದಲ್ಲಾಳಿಗೆ ಕಡಿಮೆ ದರಕ್ಕೆ ಹಾಕಿ ಹೋದರು. ಲ್ಯಾಪ್‌ಟಾಪಿನಲ್ಲಿ ಉಳಿಸಿದ ನಾಲ್ಕೈದು ಸಾವಿರ ಯಾರ ಕಿಸೆಯಿಂದ ಹೋಯಿತು ಅಂತ ನೀವೇ ಲೆಕ್ಕ ಹಾಕ್ರಿ.

ಆದ್ದರಿಂದ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಇದಕ್ಕಿಂತ ಕೆಳಗೆ ಇಳಿಯಬೇಡಿ. ಚೀಟಿಯ ಮೇಲೆ 'ಇಎಂಎಂಸಿ' ಅಂತ ಇದ್ದರೆ ಅದು ಎಸ್‌ಎಸ್‌ಡಿ ಅಲ್ಲ, ನಿಧಾನದ್ದು. ಪ್ರೊಸೆಸರ್ ವಿಷಯದಲ್ಲಿ, ಹೊಸ ಅಗ್ಗದ ಯಂತ್ರಗಳಲ್ಲಿ ಸೆಲೆರಾನ್ ಎನ್ 4020 ಇದ್ದರೆ ಬಿಟ್ಟುಬಿಡಿ, ಅದಕ್ಕೆ ಎರಡೇ ಕೋರ್. 2023ರಲ್ಲಿ ಬಂದ ಇಂಟೆಲ್ ಎನ್ 100 ನಾಲ್ಕು ಕೋರಿನದು, ಲೆಕ್ಕ-ಪತ್ರದ ಕೆಲಸಕ್ಕೆ ಸಾಕು, ಕರೆಂಟೂ ಕಡಿಮೆ ತಿನ್ನುತ್ತದೆ.

ಚಾರ್ಜರ್ ಸೇರಿಸಿ ತೂಗ್ರಿ

ನನ್ನ ವಾರದ ಓಡಾಟ ಬಹುತೇಕ ರೈಲಿನದು. ಶಹಾಬಾದಿನಿಂದ ವಾಡಿ, ವಾಡಿಯಲ್ಲಿ ಇಳಿದು ಸಿಕಂದರಾಬಾದ್ ಕಡೆಯ ಗಾಡಿ ಹಿಡಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ವಾಡಿ ಜಂಕ್ಷನ್‌ನಲ್ಲಿ ಪ್ಲಾಟ್‌ಫಾರ್ಮ್ ಬದಲಿಸುವಾಗ, ನಿಂತುಕೊಂಡೇ ಸೇಡಂ ಮುಟ್ಟುವಾಗ ಅರ್ಧ ಕೇಜಿ ವ್ಯತ್ಯಾಸ ಏನು ಅಂತ ಹೆಗಲಿಗೆ ಗೊತ್ತಾಗುತ್ತದೆ. ಚೀಲದಲ್ಲಿ ತೇವಾಂಶ ಅಳೆಯುವ ಮಷಿನ್, ರಸೀದಿ ಪುಸ್ತಕ, ನೀರಿನ ಬಾಟಲಿ ಬೇರೆ ಇರುತ್ತವೆ.

ಸಾಮಾನ್ಯವಾಗಿ 15.6 ಇಂಚಿನದು 1.6ರಿಂದ 1.9 ಕೇಜಿ. 14 ಇಂಚಿನದು 1.3ರಿಂದ 1.5. ಹನ್ನೆರಡೂವರೆ, ಹದಿಮೂರು ಇಂಚಿನ ಆಫೀಸು ಮಾದರಿಗಳು 1.2 ಕೇಜಿ ಆಸುಪಾಸು. ಇದರ ಮೇಲೆ ಚಾರ್ಜರ್ 200ರಿಂದ 350 ಗ್ರಾಂ. ಅಂಗಡಿಯವರು ಚಾರ್ಜರಿನ ತೂಕ ಹೇಳುವುದೇ ಇಲ್ಲ. ನಾವು ಮಾಲು ತೂಗುವಾಗ ಚೀಲದ ತೂಕ ಕಳೀತೀವಿ, ಇಲ್ಲಿ ಮಾತ್ರ ಕೂಡಿಸಬೇಕು!

ಹಾಗಂತ ತೀರಾ ಸಣ್ಣದೂ ಬ್ಯಾಡ. 11.6 ಇಂಚಿನ ಪರದೆಯಲ್ಲಿ ಎಕ್ಸೆಲ್ ತೆರೆದರೆ ಸದಸ್ಯರ ಹೆಸರು ಕಂಡರೆ ಮೊತ್ತ ಕಾಣುವುದಿಲ್ಲ. ಕೀಲಿಗಳೂ ಇಕ್ಕಟ್ಟು. ನನ್ನ ಅನಿಸಿಕೆ: ದಿನಾ ಬಸ್ಸು-ರೈಲು ಹತ್ತುವವರಿಗೆ 13 ಇಂಚು, ವಾರಕ್ಕೆ ಒಂದೆರಡು ಸಲ ಹೊರಗೆ ಹೋಗುವವರಿಗೆ 14 ಇಂಚು. ಪರದೆ ಹೊಳೆಯುವ ಕನ್ನಡಿಯಂಥದ್ದು ಇರಬಾರದು. ಕಣದಲ್ಲಿ ಕೂತು ತೆರೆದರೆ ನಿಮ್ಮ ಮುಖವೇ ಕಾಣುತ್ತದೆ. ಬೆಳಕು 300 ನಿಟ್ಸ್ ಇದ್ದರೆ ಬೇವಿನ ಗಿಡದ ನೆರಳಲ್ಲಿ ಓದಲು ಬರುತ್ತದೆ. ಅಗ್ಗದವುಗಳಲ್ಲಿ 220-250 ಇರುತ್ತದೆ.

ಬ್ಯಾಟರಿ ಲೆಕ್ಕ

"ಹತ್ತು ತಾಸು ಬರ್ತದ" ಅನ್ನುವ ಮಾತು ನಂಬಬೇಡಿ. ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅಂತ ಕೇಳಿ. ಬರೆಯುವುದು, ಲೆಕ್ಕ, ಸ್ವಲ್ಪ ಇಂಟರ್‌ನೆಟ್ ಇಷ್ಟಕ್ಕೆ ಸಣ್ಣ ಲ್ಯಾಪ್‌ಟಾಪ್ ತಾಸಿಗೆ ಸುಮಾರು 7 ವ್ಯಾಟ್-ಅವರ್ ತಿನ್ನುತ್ತದೆ ಅಂತ ಹಿಡಿಯಿರಿ. 45 ವ್ಯಾಟ್-ಅವರ್ ಬ್ಯಾಟರಿ ಇದ್ದರೆ ಆರು ತಾಸಿಗಿಂತ ಸ್ವಲ್ಪ ಜಾಸ್ತಿ. ಪರದೆ ಬೆಳಕು ಪೂರ್ತಿ ಏರಿಸಿದರೆ ಇದು ಇಳಿಯುತ್ತದೆ.

ಇನ್ನೊಂದು ಮುಖ್ಯ ಸಂಗತಿ ಟೈಪ್-ಸಿ ಚಾರ್ಜಿಂಗ್. ಇದ್ದರೆ 65 ವ್ಯಾಟಿನ ಒಂದೇ ಚಾರ್ಜರ್ ಫೋನಿಗೂ ಲ್ಯಾಪ್‌ಟಾಪಿಗೂ ಆಗುತ್ತದೆ, ಚೀಲ ಹಗುರ. ಆದರೆ ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಲ್ಲ, ಅಂಗಡಿಯಲ್ಲೇ ಹಚ್ಚಿ ನೋಡ್ರಿ. ಮಳೆ-ಗಾಳಿಗೆ ಕರೆಂಟು ಹೋಗುವ ಊರಿನವರಿಗೆ ಪವರ್‌ಬ್ಯಾಂಕ್ ಆಸರೆ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ನಡುವೆ ಹಾಳಾಗುವುದು ಕಳೆದರೂ 45ರ ಬ್ಯಾಟರಿಯನ್ನು ಒಂದು ಸಲ ಪೂರ್ತಿ ತುಂಬುತ್ತದೆ. ಫೋನಿನ 10-18 ವ್ಯಾಟಿನ ಪವರ್‌ಬ್ಯಾಂಕ್ ಇದಕ್ಕೆ ನಡೆಯುವುದಿಲ್ಲ, ಅದರ ಮೇಲೆ 65 ವ್ಯಾಟ್ ಪಿಡಿ ಅಂತ ಬರೆದಿರಬೇಕು.

ಚಿಂಚೋಳಿ ಕಡೆಯವರಿಗೆ ಒಂದು ಮಾತು. ಕುಂಚಾವರಂ ಕಾಡಿನ ದಾರಿಯಲ್ಲಿ ನನ್ನ ಫೋನಿನ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಸದಸ್ಯರ ಪಟ್ಟಿ, ತೂಕದ ಲೆಕ್ಕ ಯಂತ್ರದ ಒಳಗೇ ಇರಲಿ, ಊರಿಗೆ ಬಂದ ಮೇಲೆ ಇಂಟರ್‌ನೆಟ್‌ಗೆ ಏರಿಸಿ.

ಹೊಸದೋ, ಹಳೆಯದೋ?

ನನ್ನನ್ನು ಕೇಳಿದರೆ, ಮೂವತ್ತು ಸಾವಿರದ ಒಳಗೆ ಹೊಸ ಕಳಪೆಗಿಂತ ದೊಡ್ಡ ಕಂಪನಿಗಳ ಆಫೀಸಿನಿಂದ ಹೊರಬಿದ್ದ, ರಿಪೇರಿ ಮಾಡಿದ ಹಳೆಯ ಲ್ಯಾಪ್‌ಟಾಪೇ ಮೇಲು. ಎತ್ತು ಕೊಳ್ಳುವಾಗ ಹಲ್ಲು ನೋಡಿದಂಗ ಇದನ್ನೂ ನೋಡಬೇಕು, ಅಷ್ಟೇ. ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್ 280, ಡೆಲ್ ಲ್ಯಾಟಿಟ್ಯೂಡ್ 7290 ಮತ್ತು 7390, ಎಚ್‌ಪಿ ಎಲೈಟ್‌ಬುಕ್ 830 ಜಿ5 ಇವು ಹನ್ನೆರಡೂವರೆಯಿಂದ ಹದಿಮೂರು ಇಂಚಿನ ಆಸುಪಾಸಿನವು, ಹಗುರ, ಗಟ್ಟಿ, ಕೀಲಿಮಣೆ ಚೆನ್ನಾಗಿದೆ. ಎಕ್ಸ್ 280ರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಆಮೇಲೆ ಏರಿಸಲು ಬರುವುದಿಲ್ಲ. 4 ಜಿಬಿಯದು ಕೊಟ್ಟರೆ ತಗೋಬ್ಯಾಡ್ರಿ.

ಮೊದಲು ನೋಡಬೇಕಾದ್ದು ಪ್ರೊಸೆಸರ್ ಯಾವ ಪೀಳಿಗೆಯದು ಅಂತ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಯಮದ ಪ್ರಕಾರ ನಡೆಯಲು ಇಂಟೆಲ್ 8ನೇ ಪೀಳಿಗೆ ಅಥವಾ ಅದರ ಮುಂದಿನದು ಬೇಕು. ಗುರುತು ಹಿಡಿಯುವುದು ಸುಲಭ. ಐ5-8250ಯು ಅಂತಿದ್ದರೆ ಅಡ್ಡಗೆರೆಯ ನಂತರದ 8 ಅಂದರೆ ಎಂಟನೇ ಪೀಳಿಗೆ. 6200, 7200 ಅಂತಿದ್ದರೆ ಆರು, ಏಳನೆಯದು. ಈ ಹಳೆಯವುಗಳಿಗೂ ಒತ್ತಾಯದಿಂದ ವಿಂಡೋಸ್ 11 ಹಾಕಿ ಮಾರುವವರಿದ್ದಾರೆ. ಪರದೆ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಮುಂದೆ ಅಪ್‌ಡೇಟ್ ಸರಿಯಾಗಿ ಬರುವ ಖಾತ್ರಿ ಇಲ್ಲ. ಸಂಘದ ಬ್ಯಾಂಕ್ ವ್ಯವಹಾರ ಮಾಡುವ ಯಂತ್ರಕ್ಕೆ ಅಂಥದ್ದು ಬ್ಯಾಡವೇ ಬ್ಯಾಡ.

ಎರಡನೆಯದು ಬ್ಯಾಟರಿ. "ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸು ತಮ್ಮಾ" ಅನ್ನಿ. ವಿಂಡೋಸ್‌ನಲ್ಲೇ ಆ ಸೌಲಭ್ಯ ಇದೆ, ಒಂದು ನಿಮಿಷದ ಕೆಲಸ. ಅದರಲ್ಲಿ ಎರಡು ಅಂಕಿ ಇರುತ್ತವೆ: ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ. 48,000 ಇದ್ದದ್ದು 33,600ಕ್ಕೆ ಬಂದಿದ್ದರೆ 70 ಪರ್ಸೆಂಟ್ ಉಳಿದಿದೆ ಅಂತ. ಅದಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ರೊಕ್ಕ ಬೆಲೆಯಲ್ಲಿ ಮುರಿಸಿಕೊಳ್ಳಿ. ತೋರಿಸಲು ಹಿಂದೆ-ಮುಂದೆ ನೋಡುವ ಅಂಗಡಿಯಿಂದ ಎದ್ದು ಬರ್ರಿ.

ಮೂರನೆಯದು ಲಾಕ್. ಇವು ಕಂಪನಿಗಳಿಂದ ಬಂದ ಮಾಲು. ಕೆಲವಕ್ಕೆ ಬಯೋಸ್ ಪಾಸ್‌ವರ್ಡ್ ಉಳಿದಿರುತ್ತದೆ, ಕೆಲವನ್ನು ಅಳಿಸಿ ಮತ್ತೆ ವಿಂಡೋಸ್ ಹಾಕಿದಾಗ ಹಳೆಯ ಕಂಪನಿಯ ಲಾಗಿನ್ ಕೇಳುತ್ತವೆ. ನಿಮ್ಮ ಮುಂದೆಯೇ ರೀಸ್ಟಾರ್ಟ್ ಮಾಡಿಸಿ ಬಯೋಸ್ ತೆರೆಸಿ ನೋಡಿ, ಲಾಕ್ ಇಲ್ಲ ಅಂತ ಬಿಲ್ಲಿನ ಮೇಲೆ ಬರೆಸಿ. ಆಮೇಲೆ ಎಲ್ಲ ಕೀಲಿ ಒತ್ತಿ ನೋಡುವುದು, ಡಿಜಿಟಲ್ ಸಹಿಯ ಟೋಕನ್ ಮನೆಯಿಂದಲೇ ತಂದು ಹಚ್ಚಿ ನೋಡುವುದು, ನುಡಿ ಹಾಕಿಸಿ ನಾಲ್ಕು ಸಾಲು ಕನ್ನಡ ಬರೆಯುವುದು. ಬಿಲ್ ಮಾತ್ರ ಸಂಘದ ಹೆಸರಿಗೇ ಇರಲಿ, ಯಂತ್ರದ ಸೀರಿಯಲ್ ನಂಬರ್ ಅದರಲ್ಲಿ ಬರಲಿ. ಕಾರ್ಯದರ್ಶಿಯ ಹೆಸರಿಗೆ ಬಿಲ್ ಮಾಡಿಸಿ ಆಡಿಟ್‌ನಲ್ಲಿ ತಕರಾರು ಆದದ್ದು ಉಂಟು. ಕನಿಷ್ಠ ಆರು ತಿಂಗಳ ವಾರಂಟಿ ಬರಹದಲ್ಲಿ ಕೇಳ್ರಿ.

ಕಾಲೇಜಿನ ಮಕ್ಕಳಿಗೂ ಇದೇ ಸಾಕು. ಕಲಬುರಗಿ ಕೃಷಿ ಕಾಲೇಜಿನಲ್ಲೋ ರಾಯಚೂರಿನಲ್ಲೋ ಓದುವವರಿಗೆ ಪ್ರಾಜೆಕ್ಟ್ ಬರೆಯಲು, ಅಂಕಿ-ಅಂಶ ಹಾಕಲು 8 ಜಿಬಿ ನಡೆಯುತ್ತದೆ. ಆಟ ಆಡುವ ದೊಡ್ಡ ಲ್ಯಾಪ್‌ಟಾಪ್ ಬೇಕು ಅಂತ ಹುಡುಗರು ಹಟ ಹಿಡಿದರೆ ಅದು ಬೇರೆ ವಿಷಯ, ನೀವು-ನೀವು ಬಗೆಹರಿಸಿಕೊಳ್ಳಿ.

ಧೂಳು ಮತ್ತು ಬಿಸಿಲು

ವಾಡಿಯ ಸಿಮೆಂಟು, ಶಹಾಬಾದಿನ ಫರ್ಸಿ ಕಲ್ಲು ಕೊಯ್ಯುವ ಧೂಳು, ರಾಶಿ ಮಾಡುವಾಗಿನ ಹೊಟ್ಟು, ಇವು ಮೂರೂ ಲ್ಯಾಪ್‌ಟಾಪಿನ ಫ್ಯಾನಿಗೆ ವೈರಿ. ಗಾಳಿ ಹೋಗುವ ಜಾಳಿಗೆ ಸಾಮಾನ್ಯವಾಗಿ ಕೆಳಭಾಗದಲ್ಲಿರುತ್ತದೆ. ಗೋಣಿ ಚೀಲದ ಮೇಲೆ, ಹಾಸಿಗೆಯ ಮೇಲೆ ಇಟ್ಟರೆ ಅದು ಮುಚ್ಚಿ ಯಂತ್ರ ಕಾಯುತ್ತದೆ. ಒಂದು ಹಲಗೆ ಇಟ್ಟುಕೊಳ್ಳಿ. ರಾಶಿ ಯಂತ್ರದಿಂದ ಗಾಳಿಯ ಎದುರು ದಿಕ್ಕಿಗೆ ಕೂಡ್ರಿ. ಸುಗ್ಗಿ ಮುಗಿದ ಮೇಲೆ ಒಮ್ಮೆ ಬಿಚ್ಚಿಸಿ ಬ್ಲೋವರ್ ಹೊಡೆಸಿ. ಎನ್ 100 ಹಾಕಿದ ಕೆಲವು ಮಾದರಿಗಳಿಗೆ ಫ್ಯಾನೇ ಇರುವುದಿಲ್ಲ. ಕಲ್ಲಿನ ಗಣಿ, ಪಾಲಿಶ್ ಕಾರ್ಖಾನೆ ಪಕ್ಕದಲ್ಲೇ ಕೂತು ಕೆಲಸ ಮಾಡುವವರು ಹೊಸದು ಕೊಳ್ಳುವುದಾದರೆ ಅಂಥದ್ದನ್ನು ಹುಡುಕಬಹುದು.

ಹೆಚ್ಚಿನ ಲ್ಯಾಪ್‌ಟಾಪುಗಳನ್ನು ಸುತ್ತಲಿನ ಉಷ್ಣಾಂಶ 35 ಡಿಗ್ರಿಯವರೆಗೆ ಅಂತ ಹಿಡಿದು ಮಾಡಿರುತ್ತಾರೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42 ದಾಟುವುದು ಹೊಸದೇನಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಚಾರ್ಜಿಗೆ ಹಚ್ಚಿ ಭಾರಿ ಕೆಲಸ ಮಾಡಬೇಡಿ, ಬೆಳಿಗ್ಗೆಯೇ ತುಂಬಿಟ್ಟುಕೊಳ್ಳಿ. ಮುಚ್ಚಿದ ಜೀಪಿನಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ಬಿಟ್ಟು ಹೋದರೆ ಬ್ಯಾಟರಿ ಉಬ್ಬುವ ಅಪಾಯ ಇದೆ. ಮೌಸ್ ಪಟ್ಟಿ ಮೇಲೆದ್ದಂಗ ಕಂಡರೆ, ಕೆಳಗಿನ ಮುಚ್ಚಳ ಬಿರುಕು ಬಿಟ್ಟಂಗ ಕಂಡರೆ ಅದು ಬ್ಯಾಟರಿ ಉಬ್ಬಿದ ಲಕ್ಷಣ. ಕೂಡಲೇ ಬಂದ್ ಮಾಡಿ, ಚಾರ್ಜಿಗೆ ಹಚ್ಚದೆ, ರಿಪೇರಿಯವರ ಹತ್ತಿರ ಒಯ್ಯಿರಿ.