ನೆರೆ ಇಳಿದ ಮೇಲೆ ದವಾಖಾನೆ: ಪುನರಾರಂಭ ಮತ್ತು ಮುನ್ನೆಚ್ಚರಿಕೆ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳ ಅವಧಿಯಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ತಗ್ಗು ಪ್ರದೇಶಗಳು ಜಲಾವೃತವಾದವು. ನೀರು ಇಳಿದ ಬಳಿಕ, ಆಗಸ್ಟ್ ತಿಂಗಳಲ್ಲಿ, ನಗರದಲ್ಲಿ ಇಲಿಜ್ವರ ಹರಡಿತು. ಇಲಿಗಳ ಮೂತ್ರ ಬೆರೆತ ನೀರಿನಿಂದ ತಗಲುವ ಈ ರೋಗದ ಲಕ್ಷಣಗಳು ಸಾಮಾನ್ಯವಾಗಿ 5ರಿಂದ 14 ದಿನಗಳೊಳಗೆ ತೋರುತ್ತವೆ. ಹೀಗಾಗಿ ಜನರಿಗೆ ವೈದ್ಯರ ಅಗತ್ಯ ಅತಿ ಹೆಚ್ಚಾಗುವುದು, ನೆಲಮಹಡಿಯ ಸಣ್ಣ ದವಾಖಾನೆಗಳು ಕೆಸರು ತುಂಬಿ ಮುಚ್ಚಿರುವ ದಿನಗಳಲ್ಲಿಯೇ. ಆದುದರಿಂದ ದವಾಖಾನೆಯನ್ನು ಶೀಘ್ರವಾಗಿ, ಆದರೆ ಸುರಕ್ಷಿತವಾಗಿ ತೆರೆಯುವುದು ಸಾರ್ವಜನಿಕ ಆರೋಗ್ಯದ ಪ್ರಶ್ನೆಯೂ ಆಗಿದೆ.

ಮೊದಲ ಕೆಲಸಗಳು

1. ವಿದ್ಯುತ್ ತಂತಿಗಳನ್ನು ಬಲ್ಲವರು ಪರೀಕ್ಷಿಸುವವರೆಗೆ ಮುಖ್ಯ ಸ್ವಿಚ್ಚನ್ನು ಹಾಕಬಾರದು. ನೀರು ಹೊಕ್ಕ ಆಟೋಕ್ಲೇವ್ ಮೊದಲಾದ ಉಪಕರಣಗಳನ್ನೂ ಪರೀಕ್ಷೆಯ ನಂತರವೇ ಬಳಸತಕ್ಕದ್ದು.

2. ಶುಚಿಗೊಳಿಸುವ ಮುನ್ನ ಹಾನಿಯ ಛಾಯಾಚಿತ್ರಗಳನ್ನು ತೆಗೆದು, ಹಾಳಾದ ವಸ್ತುಗಳ ಪಟ್ಟಿಯನ್ನು ಬರೆದು, ವಿಮಾ ಸಂಸ್ಥೆಗೆ ಕೂಡಲೇ ತಿಳಿಸಬೇಕು.

3. ಕೆಸರನ್ನು ತೆಗೆದು ಸಾಬೂನು ನೀರಿನಿಂದ ತೊಳೆದ ಮೇಲೆಯೇ ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಬಳಸಬೇಕು. ಕೊಳೆಯಿರುವಲ್ಲಿ ಕ್ಲೋರಿನ್ನಿನ ಶಕ್ತಿ ಕುಂದುತ್ತದೆ. ಈ ಕೆಲಸ ಮಾಡುವವರು ರಬ್ಬರ್ ಬೂಟು ಮತ್ತು ಕೈಗವಸುಗಳನ್ನು ಧರಿಸುವುದು ಅವಶ್ಯ.

ಔಷಧಗಳು

ನೆರೆಯ ನೀರು ತಾಗಿದ ಔಷಧಗಳು ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಉಪಯೋಗಕ್ಕೆ ಯೋಗ್ಯವಲ್ಲ. ಒದ್ದೆಯಾದ ಬ್ಯಾಂಡೇಜು, ಸಿರಿಂಜುಗಳಿಗೂ ಇದೇ ನಿಯಮ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕಾಗಿರುವುದರಿಂದ, ವಿದ್ಯುತ್ ಎಷ್ಟು ಹೊತ್ತು ಇರಲಿಲ್ಲ ಎಂಬುದನ್ನು ಗುರುತಿಸಿಕೊಳ್ಳಬೇಕು, ಸಂಶಯವಿದ್ದಲ್ಲಿ ಬಳಸಲಾಗದು. ಕೆಟ್ಟ ಔಷಧಗಳನ್ನು ಬೇರೆಯಾಗಿ ಕಟ್ಟಿ, ಗುರುತು ಹಾಕಿ, ವಿಮಾ ಸಮೀಕ್ಷಕರು ನೋಡಿದ ಮೇಲೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಹಳದಿ ಚೀಲದಲ್ಲಿ ವಿಲೇವಾರಿ ಮಾಡಬೇಕು. ಗುಜರಿಯವರಿಗೆ ಕೊಟ್ಟರೆ ಅವು ಮತ್ತೆ ಮಾರುಕಟ್ಟೆಗೆ ಬರುವ ಅಪಾಯವಿದೆ.

ರೋಗಿಗಳು ಮತ್ತು ದಾಖಲೆಗಳು

ಕ್ಷಯ, ಮಧುಮೇಹ, ಅಪಸ್ಮಾರ ಇರುವವರ ಔಷಧಸೇವನೆ ತಪ್ಪಬಾರದು. ಕ್ಷಯದ ಚಿಕಿತ್ಸೆ ನಡುವೆ ನಿಂತರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಬಹುದು. ಆದ್ದರಿಂದ ವೈದ್ಯರು ತಾತ್ಕಾಲಿಕವಾಗಿ ಎಲ್ಲಿ ಸಿಗುವರೆಂಬ ಫಲಕವನ್ನು ಬಾಗಿಲಿಗೆ ಹಾಕುವುದು ಒಳ್ಳೆಯದು. ನೆನೆದ ಕಾಗದಗಳನ್ನು ಬಿಸಿಲಿಗೆ ಹಾಕದೆ, ಹಾಳೆಗಳ ನಡುವೆ ಬಿಳಿ ಕಾಗದವಿಟ್ಟು ಗಾಳಿಯಲ್ಲಿ ಒಣಗಿಸಬೇಕು.

ಮುಂದಿನ ಮಳೆಗಾಲಕ್ಕೆ ಮುನ್ನ

ಹಿಂದಿನ ನೆರೆಯ ಗುರುತನ್ನು ಗೋಡೆಯ ಮೇಲೆ ಉಳಿಸಿ, ಶೀತಕ ಯಂತ್ರ, ಔಷಧ ಮತ್ತು ವಿದ್ಯುತ್ ಪ್ಲಗ್ಗುಗಳನ್ನು ಅದಕ್ಕಿಂತ ಮೇಲೆ ಇರಿಸಬೇಕು. ದಾಖಲೆಗಳ ಪ್ರತಿಯೊಂದನ್ನು ಬೇರೆ ಸ್ಥಳದಲ್ಲಿ ರಹಸ್ಯವಾಗಿ ಕಾಪಾಡಬೇಕು. ವಿಮೆಯಲ್ಲಿ ನೆರೆಹಾನಿ ಸೇರಿದೆಯೇ, ಕಟ್ಟಡದ ಜೊತೆಗೆ ಒಳಗಿನ ಉಪಕರಣಗಳೂ ಸೇರಿವೆಯೇ ಎಂದು ಓದಿ ನೋಡಬೇಕು. ಎತ್ತರದ ಪ್ರದೇಶದಲ್ಲಿರುವ ಇನ್ನೊಬ್ಬ ವೈದ್ಯರೊಡನೆ, ಆಪತ್ತಿನಲ್ಲಿ ಸ್ಥಳ ಹಂಚಿಕೊಳ್ಳುವ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಬೇಕು.

ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ನೀರು ಇಳಿದ ಮರುದಿನ ಜ್ವರದಿಂದ ಬಂದವನಿಗೆ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಸಿದ್ಧತೆಯನ್ನೇ ಅವಲಂಬಿಸಿದೆ.