ನಗದವರನ್ನು ನಗಿಸುವ ಕಥೆ

ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು 1871ರಲ್ಲಿ ಶೇಕ್ಸ್‌ಪಿಯರ್ ಕವಿಯ ‘ಕಾಮೆಡಿ ಆಫ್ ಎರರ್ಸ್’ ಎಂಬ ಪ್ರಹಸನವನ್ನು ಕನ್ನಡಕ್ಕೆ ತಂದು, ಅದಕ್ಕೆ ‘ನಗದವರನ್ನು ನಗಿಸುವ ಕಥೆ’ ಎಂದು ಹೆಸರಿಟ್ಟರು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಆಗ ಕಲಾದಗಿ ಜಿಲ್ಲೆಯಲ್ಲಿದ್ದವು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗಾಗಿ ದುಡಿದ ಶಿಕ್ಷಣಾಧಿಕಾರಿಗಳು ಅವರು; ನಗದವರೆಂದರೆ ಯಾರೆಂಬುದನ್ನು ಶಾಲೆಯ ಬೆಂಚುಗಳ ಮೇಲೆಯೇ ಕಂಡಿರಬೇಕು. ನಾವಂತೂ ಕಂಡಿದ್ದೇವೆ. ಈ ಪ್ರಹಸನದ ಕಥೆಯನ್ನು ಅನೇಕ ವರ್ಷ ಒಂಬತ್ತನೆಯ ಇಯತ್ತೆಯವರಿಗೆ ಹೇಳಿದೆವು. ಪಾತ್ರಗಳ ಹೆಸರು ಬರೆಯಿಸಿದೆವು, ಸಾರಾಂಶ ಬರೆಯಿಸಿದೆವು. ಒಬ್ಬ ಹುಡುಗಿಯೂ ನಗಲಿಲ್ಲ. ಹಲ್ಲು ಕಾಣುವಂತೆ ನಗುವದು ಹೆಣ್ಣುಮಕ್ಕಳಿಗೆ ಒಪ್ಪುವದಲ್ಲವೆಂದು ಮನೆಯಲ್ಲಿ ಕಲಿತು ಬಂದಿರುತ್ತಾರೆ, ಅದಕ್ಕೇ ಹೀಗೆ, ಎಂದು ಸಮಾಧಾನ ಮಾಡಿಕೊಂಡೆವು. ತಪ್ಪು ನಮ್ಮದಿತ್ತು.

ಕಳೆದ ವರ್ಷ ಪ್ರಾರ್ಥನಾ ಮಂದಿರದ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ, ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ 2014ರಲ್ಲಿ ಬ್ಲಾಂಚ್ ಮ್ಯಾಕಿಂಟೈರ್ ಎಂಬ ಮಹಿಳೆಯು ನಿರ್ದೇಶಿಸಿದ ಇದೇ ಪ್ರಹಸನದ ಚಿತ್ರೀಕರಣವನ್ನು ಎರಡು ಮಧ್ಯಾಹ್ನ ತೋರಿಸಿದೆವು. ಪಾಠದ ವೇಳೆಯಲ್ಲಿ ಸಿನೆಮಾ ಯಾಕೆಂದು ಪಾಲಕರಲ್ಲಿ ಕೆಲವರು ಕೇಳಿದರು. ಕೇಳಿದ್ದು ಯೋಗ್ಯವೇ ಆಯಿತು. ಅದಕ್ಕೆ ಆಗ ನಿಂತ ನಿಲುವಿನಲ್ಲಿ ಕೊಟ್ಟ ಉತ್ತರ ಸಾಲದೆಂದು ಇಲ್ಲಿ ಬರೆಯುತ್ತೇವೆ.

ಕಥೆಯನ್ನು ಮರೆತ ಮಾಜಿ ವಿದ್ಯಾರ್ಥಿನಿಯರಿಗಾಗಿ ಸಂಕ್ಷೇಪವಾಗಿ ಹೇಳುವೆವು. ಸಿರಾಕ್ಯೂಸಿನ ವರ್ತಕನಾದ ಈಜಿಯನ್ನನಿಗೆ ಅವಳಿ ಗಂಡುಮಕ್ಕಳು. ಅವರ ಸೇವೆಗೆಂದು ಬಡ ತಾಯಿತಂದೆಗಳಿಂದ ಕೊಂಡುಕೊಂಡ ಇನ್ನೊಂದು ಅವಳಿ ಜೋಡಿ. ಹಡಗು ಒಡೆದು ಸಂಸಾರವು ಎರಡು ಪಾಲಾಯಿತು. ಮಕ್ಕಳಿಬ್ಬರಿಗೂ ಆಂಟಿಫೋಲಸ್ ಎಂದೇ ಹೆಸರು. ಸೇವಕರಿಬ್ಬರಿಗೂ ಡ್ರೋಮಿಯೋ ಎಂದೇ ಹೆಸರು. ಮುಂದೆ ಎಷ್ಟೋ ವರ್ಷಗಳ ಮೇಲೆ ಒಂದು ಜೋಡಿ ಎಫೆಸ ಪಟ್ಟಣದಲ್ಲಿ ಮನೆಮಾಡಿಕೊಂಡಿರುವಾಗ ಇನ್ನೊಂದು ಜೋಡಿ ಒಡಹುಟ್ಟಿದವರನ್ನು ಹುಡುಕುತ್ತ ಅದೇ ಊರಿಗೆ ಬರುವದು. ಹೆಂಡತಿಯು ಮೈದುನನನ್ನು ಗಂಡನೆಂದು ಊಟಕ್ಕೆ ಕರೆಯುವಳು. ಅಕ್ಕಸಾಲಿಗನು ಒಬ್ಬನ ಬಂಗಾರದ ಸರವನ್ನು ಇನ್ನೊಬ್ಬನ ಕೈಗೆ ಕೊಡುವನು. ಮಕ್ಕಳನ್ನು ಅರಸಿ ಬಂದ ಮುದಿ ತಂದೆಯು ಅದೇ ಊರಲ್ಲಿ ಸೆರೆಸಿಕ್ಕಿದ್ದಾನೆ. ಸಾವಿರ ಮಾರ್ಕು ದಂಡ ತೆರದಿದ್ದರೆ ಸೂರ್ಯಾಸ್ತಕ್ಕೆ ಅವನ ತಲೆ ಹೋಗುವದು. ನಮ್ಮ ನವನಗರದ ಸೆಕ್ಟರುಗಳಲ್ಲಿ ಒಂದೇ ಮಾದರಿಯ ಮನೆಗಳ ನಡುವೆ ಪರರ ಬಾಗಿಲು ಬಡಿದವರಿಗೆ ಈ ಗೊಂದಲವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ಗ್ಲೋಬ್ ಎಂಬುದು ಶೇಕ್ಸ್‌ಪಿಯರನ ಕಾಲದ ರಂಗಮಂದಿರದ ಮಾದರಿಯಲ್ಲಿ ಮತ್ತೆ ಕಟ್ಟಿ 1997ರಲ್ಲಿ ತೆರೆದದ್ದು. ಹುಲ್ಲಿನ ಮಾಡು ಸುತ್ತಲಿನ ಅಟ್ಟಗಳಿಗೆ ಮತ್ತು ರಂಗಕ್ಕಷ್ಟೇ. ನಡುವಿನ ಅಂಗಳಕ್ಕೆ ಆಕಾಶವೇ ಮಾಡು. ಆ ಅಂಗಳದಲ್ಲಿ ನೂರಾರು ಜನ ನಿಂತೇ ನಾಟಕ ನೋಡುತ್ತಾರೆ. ಅವರ ಮುಖಗಳು ನಟರಿಗೆ ಕಾಣುತ್ತವೆ, ನಟರು ಅವರೊಡನೆ ಮಾತನಾಡುತ್ತಾರೆ. ಇದು ನಮ್ಮ ಹುಡುಗಿಯರಿಗೆ ಹೊಸದೆನಿಸಲಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳನ್ನು ಕಂಡವರಿಗೆ, ಮುಂದಿನ ಸಾಲಿನವನ ಕೂಗಿಗೆ ಹಾಸ್ಯನಟನು ನಿಂತು ಉತ್ತರ ಕೊಡುವದು ತಿಳಿದದ್ದೇ. ಹುನಗುಂದ ತಾಲೂಕಿನ ಕಂದಗಲ್ಲಿನಲ್ಲಿ ಹುಟ್ಟಿದ ಹನುಮಂತರಾಯರನ್ನು ಕನ್ನಡದ ಶೇಕ್ಸ್‌ಪಿಯರ್ ಎಂದು ಕರೆದ ಸೀಮೆ ಇದು. ನಮ್ಮ ಹಿರಿಯ ಶಿಕ್ಷಕಿಯರು ಆ ಥಿಯೇಟರುಗಳನ್ನು ಹೆಣ್ಣುಮಕ್ಕಳಿಗೆ ತಕ್ಕ ಸ್ಥಳವಲ್ಲವೆಂದು ತಿಳಿದಿದ್ದರು. ಅವರಿಗೆ ಅವರ ಕಾರಣಗಳಿದ್ದವು. ಆದರೆ ಅದರಿಂದ ನಾಟಕವೆಂಬುದು ನಮ್ಮ ಪಾಲಿಗೆ ಅಚ್ಚಿನ ಪುಟವಾಗಿಯೇ ಉಳಿಯಿತು.

ಪುಟದಲ್ಲಿ ಏನು ಕಳೆದುಹೋಗುವದೆಂಬುದಕ್ಕೆ ಮೂರನೆಯ ಅಂಕದ ಮೊದಲ ದೃಶ್ಯವನ್ನೇ ನೋಡಬೇಕು. ಮನೆಯ ಯಜಮಾನನು ಗೆಳೆಯರನ್ನು ಊಟಕ್ಕೆ ಕರೆತಂದು ತನ್ನ ಮನೆಯ ಬಾಗಿಲನ್ನೇ ಬಡಿಯುತ್ತಾನೆ. ಒಳಗೆ ಅವನ ಹೆಂಡತಿಯು ಅವನ ತಮ್ಮನೊಡನೆ ಊಟಕ್ಕೆ ಕುಳಿತಿದ್ದಾಳೆ. ಬಾಗಿಲು ಕಾಯುವ ಡ್ರೋಮಿಯೋ ಹೊರಗಿನ ಡ್ರೋಮಿಯೋನಿಗೆ ‘ನೀನು ಯಾರು’ ಎಂದು ಗದರುತ್ತಾನೆ. ಓದುವಾಗ ಒಂದು ಮಾತಾದ ಮೇಲೆ ಇನ್ನೊಂದು ಮಾತು ಬರುವದಷ್ಟೆ. ರಂಗದ ಮೇಲೆ ಕದದ ಎರಡು ಮಗ್ಗಲೂ ನಮಗೆ ಒಮ್ಮೆಲೆ ತಿಳಿದಿರುತ್ತವೆ. ಹೊರಗಿನವನಿಗೆ ಒಳಗಿನದು ತಿಳಿಯದು, ಒಳಗಿನವನಿಗೆ ಹೊರಗಿನದು ತಿಳಿಯದು, ನಮಗೆ ಎರಡೂ ತಿಳಿದಿದೆ. ನಗೆಯು ಹುಟ್ಟುವದು ಅಲ್ಲಿಯೇ. ನಾವು ಹಿಂದೆ ಈ ದೃಶ್ಯಕ್ಕೆ ‘ತಪ್ಪು ತಿಳುವಳಿಕೆ’ ಎಂದು ಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುತ್ತಿದ್ದೆವು.

ಗ್ಲೋಬಿನ ಅವಳಿಗಳ ಪಾತ್ರಕ್ಕೆ ನಾಲ್ವರು ಬೇರೆಬೇರೆ ನಟರು. ಉಡುಪು ಒಂದೇ ತರಹದ್ದಾದರೂ ಮೋರೆಗಳು ಬೇರೆ. ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು, ನೂಲಿನ ಎಳೆಯನ್ನು ನೋಡುವ ಕಣ್ಣಿನವಳು, ಮೊದಲ ದಿನವೇ ಆಕ್ಷೇಪಿಸಿದಳು: “ಅಕ್ಕೋರ, ಇವ್ರು ಒಂದಽ ಥರಾ ಇಲ್ಲಲ್ರೀ!” ನಿಜವೇ. ಗುಲ್ಜಾರರ ‘ಅಂಗೂರ್’ ಚಿತ್ರದಲ್ಲಿ, 1982ರಲ್ಲಿ, ಇಬ್ಬರು ಯಜಮಾನರೂ ಸಂಜೀವಕುಮಾರನೇ, ಇಬ್ಬರು ಸೇವಕರೂ ದೇವೇನ್ ವರ್ಮಾನೇ. ಕ್ಯಾಮೆರಾಕ್ಕೆ ಅದು ಸಾಧ್ಯ. ರಂಗದಲ್ಲಿ ಕೊನೆಯ ದೃಶ್ಯಕ್ಕೆ ನಾಲ್ವರೂ ಒಟ್ಟಿಗೆ ಬಂದು ನಿಲ್ಲಲೇಬೇಕು. ಶೇಕ್ಸ್‌ಪಿಯರನ ಸಮಕಾಲೀನನಾದ ಬೆನ್ ಜಾನ್ಸನ್ನನು ಇಂಥದೇ ಒಂದು ನಾಟಕ ಬರೆಯುವ ವಿಚಾರ ಮಾಡಿ, ಒಬ್ಬರನ್ನೊಬ್ಬರು ಹೋಲುವ ನಟರು ಸಿಗುವದಿಲ್ಲವೆಂದು ಕೈಬಿಟ್ಟನಂತೆ. ಶೇಕ್ಸ್‌ಪಿಯರನಿಗೆ ಆ ಚಿಂತೆಯಿರಲಿಲ್ಲ. ರೋಮಿನ ಪ್ಲಾಟಸನ ಮೂಲದಲ್ಲಿ ಒಂದೇ ಅವಳಿ ಜೋಡಿಯಿದ್ದರೆ ಇವನು ಎರಡು ಮಾಡಿಕೊಂಡನು. ಮೋಸ ಹೋಗಬೇಕಾದವರು ಎಫೆಸದವರು, ನೋಡುವವರಲ್ಲ. ನೋಡುವವರೂ ಮೋಸ ಹೋದರೆ ನಗುವವರು ಯಾರು? ಇದನ್ನು ನಾವು ಹೇಳಿಕೊಡುವ ಮೊದಲೇ, ಎರಡನೆಯ ದಿನ, ಆ ಹುಡುಗಿಯು ತಾನಾಗಿ ಕಂಡುಕೊಂಡಳು.

ಪ್ಲಾಟಸನ ಕಥೆ ನಡೆದದ್ದು ಎಪಿಡಾಮ್ನಸ್ಸಿನಲ್ಲಿ. ಶೇಕ್ಸ್‌ಪಿಯರನು ಅದನ್ನು ಎಫೆಸಕ್ಕೆ ಒಯ್ದನು. ಸತ್ಯವೇದ ಓದಿದ ನಮ್ಮ ಮಕ್ಕಳಿಗೆ ಆ ಊರು ಹೊಸದಲ್ಲ. ಮಾಟಮಂತ್ರದ ಪುಸ್ತಕಗಳನ್ನು ಜನರೇ ತಂದು ಸುಟ್ಟ ಕಥೆಯು ಅಪೊಸ್ತಲರ ಕೃತ್ಯಗಳಲ್ಲಿದೆ. ಆದುದರಿಂದ ಪರಸ್ಥಳದ ಆಂಟಿಫೋಲಸನು ತನ್ನನ್ನು ಹೆಸರು ಹಿಡಿದು ಕರೆಯುವವರನ್ನು ಕಂಡೊಡನೆ ಇದು ಮಾಟಗಾರರ ಊರೆಂದು ಬೆದರುತ್ತಾನೆ. ಗಂಡಹೆಂಡಿರ ಕರ್ತವ್ಯವನ್ನು ಪೌಲನು ಬರೆದದ್ದೂ ಈ ಊರವರಿಗೇ. ಏಡ್ರಿಯಾನಾ ಮತ್ತು ಅವಳ ತಂಗಿ ಲೂಸಿಯಾನಾ, ಗಂಡಸರಿಗಿರುವ ಸ್ವಾತಂತ್ರ್ಯ ಹೆಂಗಸರಿಗೆ ಯಾಕಿಲ್ಲವೆಂಬುದರ ಮೇಲೆ ವಾದಿಸುವಾಗ ನಮ್ಮ ಹುಡುಗಿಯರು ಬಾಗಿ ಕುಳಿತು ಕೇಳಿದರು. ಕೊನೆಗೆ ಮಠದ ಹಿರಿಯ ಸನ್ಯಾಸಿನಿಯು ಏಡ್ರಿಯಾನಾಳಿಂದ ನಯವಾಗಿ ಎಲ್ಲವನ್ನೂ ಬಾಯಿ ಬಿಡಿಸಿ, ಆಮೇಲೆ ತಪ್ಪೆಲ್ಲ ನಿನ್ನದೇ ಎಂದು ಗದರುತ್ತಾಳೆ. ಆಗ ಹಿಂದಿನ ಸಾಲಿನವರು ನಮ್ಮ ಕಡೆಗೆ ತಿರುಗಿ ನೋಡಿ ನಕ್ಕದ್ದನ್ನು ನಾವು ಕಾಣದವರಂತೆ ಇದ್ದೆವು.

ಎಲ್ಲರೂ ನಗುತ್ತಿದ್ದ ಹೊತ್ತಿನಲ್ಲಿ ಒಬ್ಬಳು ನಗಲಿಲ್ಲ. ಅವಳ ತಾಯಿ ಪರರ ಮನೆಯಲ್ಲಿ ಕೆಲಸ ಮಾಡುವವಳು. ಡ್ರೋಮಿಯೋಗಳಿಗೆ ನಾಟಕದುದ್ದಕ್ಕೂ ಪೆಟ್ಟು. ಒಬ್ಬ ಯಜಮಾನನು ಕಳಿಸಿದ ಕೆಲಸಕ್ಕೆ ಇನ್ನೊಬ್ಬ ಯಜಮಾನನಿಂದ ಏಟು. ಪ್ರತಿ ಏಟಿಗೆ ಅಂಗಳದ ಜನರು ನಗುತ್ತಾರೆ. ಪ್ರದರ್ಶನ ಮುಗಿದ ಮೇಲೆ ಅವಳು ನಮ್ಮ ಕೋಣೆಗೆ ಬಂದು ಕೇಳಿದಳು: “ಅಕ್ಕೋರ, ಅವಗ ಹೊಡದ್ರ ಎಲ್ಲಾರೂ ಯಾಕ ನಗ್ತಾರ್ರೀ?” ಪ್ರಹಸನದಲ್ಲಿ ಪೆಟ್ಟು ನಿಜವಾದ ಪೆಟ್ಟಲ್ಲ, ಅದೊಂದು ಸಂಪ್ರದಾಯ, ಎಂದು ತರಬೇತಿ ಕಾಲೇಜಿನಲ್ಲಿ ಕಲಿತ ಉತ್ತರವನ್ನೇ ಕೊಟ್ಟೆವು. ಅವಳು ‘ಹೂಂ’ ಎಂದು ಹೋದಳು. ಆ ‘ಹೂಂ’ ನಮ್ಮನ್ನು ಸುಮ್ಮನೆ ಕೂಡ್ರಗೊಡಲಿಲ್ಲ.

ರಾತ್ರಿ ಮೂಲವನ್ನು ತೆರೆದು ನೋಡಿದೆವು. ನಾಲ್ಕನೆಯ ಅಂಕದ ಕೊನೆಯ ದೃಶ್ಯದಲ್ಲಿ ಎಫೆಸದ ಡ್ರೋಮಿಯೋ ತನ್ನ ಯಜಮಾನನ ಎದುರಿಗೇ ನಿಂತು, ಹುಟ್ಟಿದ ಗಳಿಗೆಯಿಂದ ನಿಮ್ಮ ಸೇವೆ ಮಾಡಿದೆ, ಅದಕ್ಕೆ ನನಗೆ ಸಂದದ್ದು ಪೆಟ್ಟುಗಳೇ, ಎಂಬರ್ಥದಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಮಾತಿನ ಧಾಟಿ ವಿನೋದದ್ದು. ಲೆಕ್ಕ ಮಾತ್ರ ಸುಳ್ಳಲ್ಲ. ಈ ಭಾಗವನ್ನು ನಾವು ಪ್ರತಿ ವರ್ಷ ‘ಪರೀಕ್ಷೆಗೆ ಅವಶ್ಯವಿಲ್ಲ’ವೆಂದು ಬಿಟ್ಟುಬಿಡುತ್ತಿದ್ದೆವು. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಹೆಂಡತಿಯರ ಮಾತಿನ ಮುಂದೆ ಆರನೆಯ ಅಧ್ಯಾಯವೂ ಇದೆ. ಯಜಮಾನರು ದಾಸರನ್ನು ಬೆದರಿಸುವದನ್ನು ಬಿಡಬೇಕೆಂದು ಅಲ್ಲಿ ಹೇಳಿದೆ. ಇವೆರಡನ್ನೂ ಮರುದಿನ ವರ್ಗದಲ್ಲಿ ಓದಿಸಿದೆವು, ಹಿಂದಿನ ದಿನದ ನಮ್ಮ ಉತ್ತರವು ಸಾಲದೆಂದು ಎಲ್ಲರೆದುರಿಗೆ ಹೇಳಿದೆವು.

ಸ್ನೇಹಸಮ್ಮೇಳನದಲ್ಲಿ ಈ ನಾಟಕದ ಮೂರು ದೃಶ್ಯಗಳನ್ನು ಕನ್ನಡದಲ್ಲಿ ಆಡಿಸಿದೆವು. ಏಡ್ರಿಯಾನಾ ಇಳಕಲ್ ಸೀರೆ ಉಟ್ಟಳು. ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಬಣ್ಣದ ಪಟಕ. ಎಫೆಸದ ಡ್ರೋಮಿಯೋನ ಪಾತ್ರವನ್ನು ಆ ಹುಡುಗಿಯೇ ಕೇಳಿ ಪಡೆದಳು. ಬಾಗಿಲಿನ ದೃಶ್ಯಕ್ಕೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದ ತಾಯಂದಿರು, ಅವಳು ತಾಲೀಮಿನಲ್ಲಿ ಮಾಡಿದ್ದಕ್ಕಿಂತ ಸಾವಕಾಶವಾಗಿ ತನ್ನ ಪೆಟ್ಟುಗಳ ಲೆಕ್ಕ ಒಪ್ಪಿಸಿದಾಗ ಸುಮ್ಮನಾದರು. ಒಂದಿಬ್ಬರು ನಕ್ಕರು, ಮತ್ತೆ ನಿಲ್ಲಿಸಿದರು.

ನಾಟಕದ ಕೊನೆಗೆ ಎಲ್ಲರೂ ಒಳಗೆ ಹೋದ ಮೇಲೆ ರಂಗದಲ್ಲಿ ಡ್ರೋಮಿಯೋಗಳಿಬ್ಬರೇ ಉಳಿಯುತ್ತಾರೆ. ಹಿರಿಯನು ಯಾರು, ಮೊದಲು ಯಾರು ಹೋಗಬೇಕು ಎಂದು ಚರ್ಚೆ ನಡೆದು, ಕಡೆಗೆ ಕೈ ಹಿಡಿದುಕೊಂಡು ಜೊತೆಯಾಗಿಯೇ ಹೋಗುತ್ತಾರೆ. ನಮ್ಮ ಬಡಗಿಯು ಮಾಡಿಕೊಟ್ಟ ಬಾಗಿಲ ಚೌಕಟ್ಟು ಒಬ್ಬರು ಹಾಯುವಷ್ಟೇ ಅಗಲವಿತ್ತು. ತಾಲೀಮಿನಲ್ಲಿ ಅದು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಹುಡುಗಿಯರಿಬ್ಬರೂ ಅಲ್ಲಿ ಸಿಕ್ಕಿಕೊಂಡರು, ಒಬ್ಬರನ್ನೊಬ್ಬರು ನೋಡಿದರು, ಕೈ ಬಿಡಲಿಲ್ಲ. ಅಡ್ಡಡ್ಡವಾಗಿ ಸರಿದು, ಸರಿದು, ಹೊರಟುಹೋದರು. ಅದನ್ನು ನಾವು ಕಲಿಸಿದ್ದಲ್ಲ.