ಕಿರುತೊರೆಗೊಂದು ಗಾಳದ ಕೋಲು: ಎಂಟನೇ ತರಗತಿಯ ಪಾಠಾನುಭವ

‘ಬಲವು ವಸ್ತುವಿನ ಆಕಾರವನ್ನು ಬದಲಿಸಬಲ್ಲದು’ ಎಂಬ ಕಲಿಕಾಂಶಕ್ಕೆ ನಾನು ಆರಿಸಿಕೊಂಡ ಉದಾಹರಣೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳದ್ದು. ಅಲ್ಲಿನ ತೊರೆಗಳಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕುವ ಒಂದು ಬಗೆಯಲ್ಲಿ ಕೊಕ್ಕೆಗೆ ಎರೆಹುಳು ಇರುವುದಿಲ್ಲ. ಗರಿ, ನೂಲು ಸುತ್ತಿ ಮಾಡಿದ ಹುಸಿ ನೊಣವಿರುತ್ತದೆ. ಅದಕ್ಕೆ ತೂಕವೇ ಇಲ್ಲವೆನ್ನಬೇಕು. ಆದ್ದರಿಂದ ಎಸೆಯುವುದು ನೊಣವನ್ನಲ್ಲ, ದಪ್ಪ ದಾರವನ್ನು. ದಾರದ ಭಾರಕ್ಕೆ ಬಾಗಿದ ಕೋಲು ನೆಟ್ಟಗಾಗುವಾಗ ದಾರ ಮುಂದಕ್ಕೆ ಹಾರುತ್ತದೆ, ನೊಣ ಹಿಂಬಾಲಿಸುತ್ತದೆ.

ಪೂರ್ವಜ್ಞಾನ ತಿಳಿಯಲು “ಒಳ್ಳೆಯ ಕೋಲು ಹೇಗಿರಬೇಕು?” ಎಂದು ಕೇಳಿದೆ. “ಉದ್ದ ಇರ್ಬೇಕು ಸಾರ್, ಗಟ್ಟಿ ಇರ್ಬೇಕು” ಎಂದಿತು ಇಡೀ ತರಗತಿ. ತಪ್ಪು ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮೇಡಂ ಪಾಠ ವೀಕ್ಷಣೆಯ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ‘ಎಷ್ಟು ದೂರ ಎಸೆಯಬೇಕೆಂದು ನೀವು ಹೇಳಲಿಲ್ಲ. ಮಕ್ಕಳ ಉತ್ತರ ತಪ್ಪಾದದ್ದು ಹೇಗೆ?’

ನನ್ನ ಪಾಠ ಟಿಪ್ಪಣಿಯಲ್ಲಿ ದೂರದ ಮಾತೇ ಇರಲಿಲ್ಲ. 4ನೇ ಸಂಖ್ಯೆಯ ದಾರವೆಂದರೆ ಅದರ ಮೊದಲ 30 ಅಡಿ 120 ಗ್ರೇನ್, ಅಂದರೆ ಸುಮಾರು 7.8 ಗ್ರಾಂ ತೂಗಬೇಕು. ಮರಗಳು ಬಾಗಿಕೊಂಡಿರುವ ಕಿರುತೊರೆಯಲ್ಲಿ 15 ಅಡಿ ಬಿಟ್ಟರೆ ಹೆಚ್ಚು. ಭಾರ 4 ಗ್ರಾಂ ಕೂಡ ಆಗದು. 30 ಅಡಿಗೆಂದು ಮಾಡಿದ ಕೋಲು ಅಷ್ಟಕ್ಕೆ ಸರಿಯಾಗಿ ಬಾಗದು. ಕೊಂಬೆಗೆ ತಾಗದಂತೆ ಗಿಡ್ಡ, ಕಡಿಮೆ ಭಾರಕ್ಕೂ ಬಾಗುವಂತೆ ತುದಿ ತೆಳು: ಇಂಥ ಕೋಲುಗಳು ಸಾಮಾನ್ಯವಾಗಿ 6ರಿಂದ 7½ ಅಡಿ ಇರುತ್ತವೆ.

ಮರುದಿನ ತೆಂಗಿನ ಪೊರಕೆಯ ಕಡ್ಡಿಗಳನ್ನು ಒಯ್ದೆ. ಬುಡದಿಂದ ತುದಿಗೆ ಸಣ್ಣಗಾಗುವ ಇದಕ್ಕಿಂತ ಒಳ್ಳೆಯ ಬೋಧನೋಪಕರಣ ನನಗೆ ಸಿಕ್ಕಿಲ್ಲ, ಖರ್ಚೂ ಇಲ್ಲ. ತುದಿಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿದರೆ ತುದಿಯಷ್ಟೇ ಬಾಗಿತು. ಸೇರಿಸುತ್ತ ಹೋದಂತೆ ಬಾಗು ಕೈಯತ್ತ ಇಳಿಯಿತು. ತುದಿ ಕತ್ತರಿಸಿದ ಕಡ್ಡಿ ಒಂದು ಕ್ಲಿಪ್ಪಿಗೆ ಜಗ್ಗಲೇ ಇಲ್ಲ.

ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ದಪ್ಪ ಎರಡರಷ್ಟಾದರೆ ಗಟ್ಟಿತನವೂ ಎರಡರಷ್ಟು ಎಂದೆ. ಒಬ್ಬ ಹುಡುಗಿ ಎದ್ದು, “ಎರಡು ರಟ್ಟು ಅಂಟಿಸಿದ್ರೆ ಇನ್ನೂ ಬಹಳ ಗಟ್ಟಿ ಆಗತ್ತಲ್ಲ ಸಾರ್?” ಎಂದಳು. ಅವಳದೇ ಸರಿ. ಚೆನ್ನಾಗಿ ಅಂಟಿದ ಎರಡು ರಟ್ಟು ಎಂಟರಷ್ಟು ಗಟ್ಟಿ. ಅಗಲವೂ ಎರಡರಷ್ಟಾದರೆ ಹದಿನಾರರಷ್ಟು. ಕೋಲನ್ನು ಹತ್ತನೇ ಒಂದು ಪಾಲು ತೆಳುವಾಗಿಸಿದರೂ ಗಟ್ಟಿತನ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಆರು ಬಿದಿರು ಸೀಳುಗಳನ್ನು ಷಟ್ಕೋನವಾಗಿ ಅಂಟಿಸುವ ಕುಶಲಕರ್ಮಿಗಳು ಇಂಚಿನ ಸಾವಿರದ ಒಂದು ಭಾಗವನ್ನೂ ಅಳೆದು ಹೆರೆಯುವುದು ಇದಕ್ಕೇ. (19ನೇ ಶತಮಾನದಲ್ಲಿ ಅವರು ಬಳಸುತ್ತಿದ್ದದ್ದು ಭಾರತದಿಂದ ಹೋದ ‘ಕಲ್ಕತ್ತಾ’ ಬಿದಿರು, ಚೀನಾದ ಟಾಂಕಿನ್ ಬಿದಿರು ಆಮೇಲೆ ಬಂತು. ಮಕ್ಕಳು ನಕಾಶೆಯ ಮುಂದೆ ಹತ್ತು ನಿಮಿಷ ಕಳೆದರು.) ಮೂರನೇ ದಿನ ಕಪ್ಪುಹಲಗೆಯ ಮೇಲೆ ನನ್ನ ಹಳೆಯ ವಾಕ್ಯ ಬರೆದು, ಆ ಹುಡುಗಿಯ ಕೈಯಿಂದಲೇ ತಿದ್ದಿಸಿದೆ.

ಮೌಲ್ಯಮಾಪನಕ್ಕೆ ಮೂರು ಕಡ್ಡಿ ಕೊಟ್ಟು, ಒಳ್ಳೆಯದನ್ನು ಆರಿಸಿ ಎಂದೆ. ಆರು ಗುಂಪುಗಳಲ್ಲಿ ನಾಲ್ಕು “ಎಷ್ಟು ದೂರಕ್ಕೆ ಸಾರ್?” ಎಂದು ಮೊದಲು ಕೇಳಿದವು. ಉಳಿದೆರಡು ಉದ್ದದ ಕಡ್ಡಿಯನ್ನೇ ಹಿಡಿದಿದ್ದವು. ಆ ಎರಡು ಗುಂಪಿನೊಂದಿಗೆ ಶಾಲೆಯ ಹಿಂದಿನ ಪೊದೆಗಳ ನಡುವೆ ದಾರ ಬೀಸಿ ನೋಡುವುದೆಂದು ಮುಂದಿನ ಪಾಠ ಟಿಪ್ಪಣಿಯಲ್ಲಿ ಸೇರಿಸಿದ್ದೇನೆ.